ಕಾನು ಮೇಲೆ, ಕೆರೆ ನಡುವೆ, ಗದ್ದೆ ಕೆಳಗೆ

(ದತ್ತಿ ಉಪನ್ಯಾಸದ ಅಚ್ಚುಪಾಠ)



ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಹೇಳಿದವನು ನಾನು. ನಿವೃತ್ತನಾದ ಮೇಲೂ ಹಳೆಯ ಹುಡುಗರು ಎಲ್ಲೆಲ್ಲಿಂದಲೋ ಫೋಟೊ ಕಳಿಸುತ್ತಿರುತ್ತಾರೆ. ಹೋದ ವರ್ಷ ಒಬ್ಬ ನಾರ್ವೆಯಿಂದ ಕಳಿಸಿದ. ಎರಡೂ ಬದಿಗೆ ಗೋಡೆ ಎದ್ದ ಹಾಗೆ ಬೆಟ್ಟ, ನಡುವೆ ಕಪ್ಪು ನೀರು, ನೀರಿನ ಅಂಚಿಗೆ ಒಂದು ಹಿಡಿ ಮನೆಗಳು, ಮನೆಗಳ ಬೆನ್ನಿಗೆ ಕಂಬಳಿ ಹಾಸಿದಷ್ಟು ಹುಲ್ಲು. ಊರಿನ ಹೆಸರು ಉಂಡ್ರೆಡಾಲ್. ಕೆಳಗೆ ಬರೆದಿದ್ದ: "ಸಾರ್, ಬೋರ್ಡಿನ ಮೇಲೆ ಅಡ್ಡಸೀಳು ಚಿತ್ರ ಬರೆಸ್ತಿದ್ರಲ್ಲ, ಇಲ್ಲಿ ಅದು ಎದುರಿಗೇ ನಿಂತಿದೆ. ನಮ್ಮೂರದ್ದು ಹೀಗೆ ಬರೆದ್ರೆ ಹೆಂಗಿರುತ್ತೆ?"

ಉತ್ತರ ಫೋನಿನಲ್ಲಿ ಒತ್ತಿ ಕಳಿಸುವಷ್ಟು ಚಿಕ್ಕದಾಗಿರಲಿಲ್ಲ. ಇವತ್ತು ಈ ಶಿರಾಳಕೊಪ್ಪದಲ್ಲಿ ನಿಮ್ಮೆದುರಿಗೆ ಹೇಳುತ್ತಿದ್ದೇನೆ.

ಮೊದಲು ಅವನ ಊರು. ಹಿಮನದಿ ಸಾವಿರಾರು ವರ್ಷ ಕೊರೆದ ಕಣಿವೆಗೆ ಆಮೇಲೆ ಸಮುದ್ರ ನುಗ್ಗಿದರೆ ಅದು ಫಿಯೋರ್ಡ್. ಉಂಡ್ರೆಡಾಲ್ ಇರುವುದು ಸೋಗ್ನೆ ಫಿಯೋರ್ಡಿನ ಒಂದು ಕವಲಿನಲ್ಲಿ. ಆ ಫಿಯೋರ್ಡಿನ ಉದ್ದ 200 ಕಿಲೋಮೀಟರಿಗೂ ಹೆಚ್ಚು, ಆಳ 1,300 ಮೀಟರ್. ನಮ್ಮ ಚಂದ್ರಗುತ್ತಿ ಗುಡ್ಡವನ್ನು ಕಿತ್ತು ಅದರೊಳಗೆ ಇಳಿಸಿದರೆ ತುದಿ ಕೂಡ ಕಾಣದು. ಊರಲ್ಲಿ ನೂರರ ಆಸುಪಾಸು ಜನ. ಆಡುಗಳು ಅದರ ಎಷ್ಟೋ ಪಟ್ಟು. 1988ರಲ್ಲಿ ರಸ್ತೆ ಬರುವ ತನಕ ದೋಣಿಯೇ ದಾರಿ. ನಾರ್ವೆಯ ನೆಲದಲ್ಲಿ ಉಳುಮೆಗೆ ಒದಗುವುದೇ ನೂರಕ್ಕೆ ಮೂರು ಪಾಲು. ಹಾಗಾಗಿ ಅಲ್ಲಿಯವರು ನೀರಿನಲ್ಲಿ ಮೀನು ಹಿಡಿದರು, ದಂಡೆಯ ತುಂಡು ನೆಲದಲ್ಲಿ ಚಳಿಗಾಲದ ಮೇವು ಬೆಳೆದರು, ಬೇಸಿಗೆಯಲ್ಲಿ ಆಡುಗಳನ್ನು ಬೆಟ್ಟದ ಮೇಲಿನ ಹುಲ್ಲಿಗೆ ಹೊಡೆದುಕೊಂಡು ಹೋಗಿ ಅಲ್ಲೇ ಹಾಲು ಕರೆದು ಕಂದು ಬಣ್ಣದ ಗಿಣ್ಣು ಕಾಯಿಸಿದರು. ಇಳಿಜಾರಿನ ಒಂದೊಂದು ಮೆಟ್ಟಿಲಿಗೂ ಒಂದೊಂದು ಕಸುಬು. ಒಂದು ಕೈ ಕೊಟ್ಟ ವರ್ಷ ಇನ್ನೊಂದು ಕೈ ಹಿಡಿಯಬೇಕು. ಈಗ ಪ್ರವಾಸಿಗರು ಬರುತ್ತಾರೆ, ಆ ಮಾತು ಬೇರೆ.

ಸೊರಬ-ಶಿಕಾರಿಪುರದ ನಮ್ಮ ಸೀಮೆ ಹಿಮ ಕೊರೆದ ನೆಲವಲ್ಲ, ಮಳೆ ಸವೆಸಿದ ನೆಲ. ಘಟ್ಟದ ಸಾಲು ಪಡುವಣದಲ್ಲಿ ತಗ್ಗಿ, ಬಯಲುಸೀಮೆ ಮೂಡಣದಲ್ಲಿ ತೆರೆದುಕೊಳ್ಳುವ ಮುಂಚೆ ಇರುವ ಪಟ್ಟಿ ಇದು, ಅರೆಮಲೆನಾಡು ಅನ್ನುತ್ತೇವೆ. ಚಂದ್ರಗುತ್ತಿಯ ಕಡೆ ಕಂಬಳಿಕೊಪ್ಪೆ ಒಣಗದೆ ಮುಗ್ಗು ಹಿಡಿದಿರುವ ದಿನವೇ ಶಿಕಾರಿಪುರದ ಮೂಡಲ ಹಳ್ಳಿಗಳಲ್ಲಿ ಮೆಕ್ಕೆಜೋಳ ಬಾಡಿತಲ್ಲಾ ಎಂದು ಮುಗಿಲು ನೋಡುತ್ತಿರುತ್ತಾರೆ. ನಡುವಿನ ದೂರ ಬಸ್ಸಿನಲ್ಲಿ ಎರಡು ತಾಸಿನದು. ನದಿಗಳ ಪೈಕಿ ವರದೆ ಇಕ್ಕೇರಿಯ ಹತ್ತಿರ ವರದಾಮೂಲದಲ್ಲಿ ಹುಟ್ಟಿ ಸೊರಬ ಸೀಮೆ ಹಾದು ಬನವಾಸಿಗೆ ಹೋಗುತ್ತಾಳೆ. ದಂಡಾವತಿ ಸೊರಬ ಪೇಟೆಯನ್ನು ಸವರಿಕೊಂಡು ಬಂಕಸಾಣದಲ್ಲಿ ವರದೆಗೆ ಸೇರುತ್ತಾಳೆ. ಕುಮುದ್ವತಿ ಹುಂಚದ ಕಡೆಯಿಂದ ಇಳಿದು ಶಿಕಾರಿಪುರಕ್ಕೆ ಬರುತ್ತಾಳೆ. ಸಮುದ್ರ ಕೂಗಳತೆಯಲ್ಲಿದ್ದರೂ ಮೂವರೂ ಅದಕ್ಕೆ ಬೆನ್ನು ಹಾಕಿ ತುಂಗಭದ್ರೆಯ ದಾರಿ ಹಿಡಿದವರು. ಆಷಾಢದಲ್ಲಿ ಸೇತುವೆ ಮುಟ್ಟುತ್ತಾರೆ, ಶಿವರಾತ್ರಿಗೆ ಮರಳು ಕಾಣುತ್ತದೆ. ನಾಲ್ಕು ತಿಂಗಳು ಬರುವ ನೀರನ್ನು ಹನ್ನೆರಡು ತಿಂಗಳಿಗೆ ಹಂಚುವುದು ಹೇಗೆ ಎಂಬುದೇ ಈ ಸೀಮೆಯ ಅರ್ಥಶಾಸ್ತ್ರ.

ಅದಕ್ಕೆ ಉತ್ತರ ನೆಲದ ಆಕಾರದಲ್ಲೇ ಇತ್ತು. ಇಲ್ಲಿ ಎರಡು ದಿಬ್ಬ, ನಡುವೆ ಒಂದು ತಗ್ಗು, ಮತ್ತೆ ದಿಬ್ಬ. ತಗ್ಗಿಗೆ ಅಡ್ಡಲಾಗಿ ಒಂದು ಮಣ್ಣಿನ ಏರಿ ಹಾಕಿದರೆ ಕೆರೆ. ಘಟ್ಟದ ಆಳದ ಕಣಿವೆಯಾಗಿದ್ದರೆ ಅಣೆಕಟ್ಟೇ ಬೇಕಾಗುತ್ತಿತ್ತು. ಚಪ್ಪಟೆ ಬಯಲಾಗಿದ್ದರೆ ಮೈಲಿಗಟ್ಟಲೆ ಏರಿ. ನಮ್ಮದು ಎರಡರ ನಡುವಿನದು, ಹತ್ತು ಮನೆಯವರು ಸೇರಿ ಒಂದು ಬೇಸಿಗೆಯಲ್ಲಿ ಮುಗಿಸಬಹುದಾದದ್ದು. ಕನ್ನಡದಲ್ಲಿ ಬಾವಿ ತೋಡುತ್ತೇವೆ, ಕೆರೆ ಕಟ್ಟುತ್ತೇವೆ. ಕ್ರಿಯಾಪದದಲ್ಲೇ ಭೂಗೋಳ ಇದೆ. ಸೊರಬ ತಾಲ್ಲೂಕೊಂದರಲ್ಲೇ ಕಟ್ಟೆ-ಕೆರೆಗಳನ್ನು ಎಣಿಸಲು ಕೂತರೆ ಲೆಕ್ಕ ಸಾವಿರ ದಾಟುತ್ತದೆ.

ಇದೆಷ್ಟು ಹಳೆಯದು ಎಂದು ಕೇಳಿದರೆ ಇಲ್ಲಿಂದ ಸ್ವಲ್ಪ ದೂರದ ತಾಳಗುಂದಕ್ಕೆ ಹೋಗಿ. ಪ್ರಣವೇಶ್ವರ ಗುಡಿಯ ಮುಂದಿನ ಕಂಬ ಎಲ್ಲರಿಗೂ ಗೊತ್ತು. ಮಯೂರಶರ್ಮ ಕಂಚಿಗೆ ಓದಲು ಹೋದದ್ದು, ಅಲ್ಲಿ ಅವಮಾನವಾದದ್ದು, ದರ್ಭೆ ಬಿಟ್ಟು ಕತ್ತಿ ಹಿಡಿದದ್ದು, ಎಲ್ಲ ಆ ಕಂಬದ ಕಥೆ. ನಾನೂ ಮಕ್ಕಳನ್ನು ಕರೆದುಕೊಂಡು ಹೋಗಿ ಅದನ್ನೇ ಹೇಳುತ್ತಿದ್ದೆ. ಆ ಶಾಸನ ಹುಟ್ಟಿದ್ದು ಯಾಕೆ ಎಂದು ಬಹಳ ವರ್ಷ ನಾನೇ ಕೇಳಿಕೊಂಡಿರಲಿಲ್ಲ. ಕದಂಬರ ಕಾಕುಸ್ಥವರ್ಮ ಆ ಶಿವಾಲಯದ ಬಳಿ ಒಂದು ದೊಡ್ಡ ಕೆರೆ ಕಟ್ಟಿಸಿದ. ಅದನ್ನು ದಾಖಲಿಸಲು ಅವನ ಮಗ ಶಾಂತಿವರ್ಮನ ಕಾಲದಲ್ಲಿ ಕುಬ್ಜ ಎಂಬ ಕವಿ ಪದ್ಯ ರಚಿಸಿ ತಾನೇ ಕಲ್ಲಿಗೆ ಬರೆದ. ಐದನೆಯ ಶತಮಾನದ ಮಾತು. ಅಂದರೆ ಕನ್ನಡ ನಾಡಿನ ಮೊದಲ ರಾಜವಂಶದ ಕಥೆ ನಮಗೆ ಸಿಕ್ಕಿರುವುದು ಒಂದು ಕೆರೆಯ ದಾಖಲೆಗೆ ಬರೆದ ಪೀಠಿಕೆಯಾಗಿ.

ಬಳ್ಳಿಗಾವಿಯದೂ ಇದೇ ಕಥೆ. ಅಲ್ಲಿಯ ಕೋಡಿಯಮಠವನ್ನು ಹಳೆಯ ವಿಶ್ವವಿದ್ಯಾಲಯ ಎಂದು ಭಾಷಣದಲ್ಲಿ ಹೊಗಳುತ್ತೇವೆ. 1162ರ ಶಾಸನ ಅಲ್ಲಿ ನಡೆಯುತ್ತಿದ್ದ ವೇದ, ವ್ಯಾಕರಣ, ದರ್ಶನಗಳ ಪಾಠವನ್ನೂ ಕುರುಡರು, ಕುಂಟರು, ಹಸಿದು ಬಂದವರಿಗೆ ಸಿಗುತ್ತಿದ್ದ ಅನ್ನವನ್ನೂ ಪಟ್ಟಿ ಮಾಡುತ್ತದೆ. ಕೋಡಿ ಅಂದರೆ ಏನು? ಕೆರೆ ತುಂಬಿ ಹೆಚ್ಚಾದ ನೀರು ಹೊರಬೀಳುವ ಜಾಗ. ತಾವರೆಕೆರೆಯ ಕೋಡಿಯಲ್ಲಿದ್ದದ್ದಕ್ಕೆ ಅದು ಕೋಡಿಯಮಠ. ಮಠದ ದೇವರು ಕೇದಾರೇಶ್ವರ. ಸಂಸ್ಕೃತದಲ್ಲಿ ಕೇದಾರಕ್ಕೆ ನೀರು ನಿಲ್ಲುವ ಗದ್ದೆ ಎಂಬ ಅರ್ಥವೂ ಉಂಟು. ಹಿಮಾಲಯದ ಕೇದಾರವೇ ಇಲ್ಲಿಗೆ ಬಂದದ್ದು ಎಂದು ಪಂಡಿತರು ಹೇಳುತ್ತಾರೆ, ಅದೇ ಸರಿ. ಆದರೂ ಕೋಡಿಯ ಕೆಳಗೆ ಗದ್ದೆಯ ದೇವರು ಎಂದು ಒಳಗೊಳಗೇ ಖುಷಿಪಡುವುದನ್ನು ಈ ಭೂಗೋಳದ ಮೇಷ್ಟ್ರು ಬಿಟ್ಟಿಲ್ಲ. ವ್ಯಾಪಾರಿ ಸಂಘಗಳು, ಮಠಗಳು, ಬೇಲೂರಿಗೆ ಹೋಗಿ ವಿಗ್ರಹ ಕಡೆದ ದಾಸೋಜನಂಥ ಶಿಲ್ಪಿಗಳು, ಅಲ್ಲಮನಂಥವರು ಒಂದೇ ಪೇಟೆಯಲ್ಲಿ ಆಗಿಹೋದದ್ದು ಸುಮ್ಮನೆ ಅಲ್ಲ. ಸುತ್ತಲಿನ ನಾಗರಖಂಡ ಎಪ್ಪತ್ತು, ಜಿಡ್ಡುಳಿಗೆ ಎಪ್ಪತ್ತು ಹಳ್ಳಿಗಳ ಭತ್ತ ಅವರ ಹೊಟ್ಟೆ ತುಂಬಿಸುತ್ತಿತ್ತು. ನಾಗರಖಂಡದ ಆ ಎಪ್ಪತ್ತು ಹಳ್ಳಿಗಳನ್ನು ಹತ್ತನೆಯ ಶತಮಾನದ ಮೊದಲಲ್ಲಿ ಗಂಡ ಸತ್ತ ಮೇಲೆ ನಾಳ್ಗಾವುಂಡಳಾಗಿ ಆಳಿದವಳು ಜಕ್ಕಿಯಬ್ಬೆ. ಬಂದಳಿಕೆಯ ಶಾಸನ ಅವಳ ಆಡಳಿತದ ಜಾಣ್ಮೆಯನ್ನು ಹೊಗಳುತ್ತದೆ.

ಈಗ ನಾರ್ವೆಯ ಆ ಹುಡುಗನಿಗೆ ಅಡ್ಡಸೀಳು ಚಿತ್ರ ಬರೆದುಕೊಡುತ್ತೇನೆ. ಮೇಲಿನಿಂದ ಶುರು ಮಾಡೋಣ.

ದಿಬ್ಬದ ನೆತ್ತಿಯಲ್ಲಿ ಕಾನು. ಹೊರಗಿನವರು ಕಾಡು, ಕಾನು ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ. ಕಾಡು ಸೌದೆಯದು, ಕಾನು ದೇವರದು. ಚೌಡಿ, ಭೂತಪ್ಪ, ಜಟಗನ ಹೆಸರಿನಲ್ಲಿ ಕೊಡಲಿ ಹೋಗದ ನಿತ್ಯಹಸಿರು ತುಂಡು ಅದು. ಕೆಳಗೆ ಕೈ ಹಾಕಿದರೆ ಬೇಸಿಗೆಯಲ್ಲೂ ಎಲೆಗೊಬ್ಬರ ತಂಪು. ಮರಕ್ಕೆ ಹಬ್ಬಿದ ಕಾಳುಮೆಣಸು, ಉಪ್ಪಾಗೆ, ದಾಲ್ಚಿನ್ನಿ, ಜೇನು, ಕಳ್ಳಿಗೆ ಬಗನಿ. ಇವೆಲ್ಲ ಊರಿನ ಎರಡನೆಯ ಆದಾಯ. ಮೊದಲನೆಯದು ಕಾನಿನ ಬುಡದ ಒರತೆ. ಇಡೀ ಹಿಂದೂಸ್ಥಾನದ ಅರಣ್ಯ ಇಲಾಖೆಯ ತಲೆಯಾಗಿದ್ದ ಬ್ರಾಂಡಿಸ್ ಸಾಹೇಬ, ಗ್ರಾಂಟ್ ಎಂಬ ಅಧಿಕಾರಿಯ ಜೊತೆ 1868ರಲ್ಲಿ ಸೊರಬದ ಕಾನುಗಳ ಮೇಲೆಯೇ ಒಂದು ವರದಿ ಬರೆದ. ಅವರು ಎಣಿಸಿದ್ದು 171 ಕಾನು, 32 ಸಾವಿರ ಎಕರೆಗೂ ಮೇಲೆ. ಒಂದೇ ತಾಲ್ಲೂಕಿನಲ್ಲಿ! ಆ ಪಟ್ಟಿ ಹಿಡಿದು ಈಗ ಹೋದರೆ ಕೆಲವು ಕಡೆ ಹೆಸರು ಮಾತ್ರ ಸಿಗುತ್ತದೆ. ಕೆಲವು ಕಡೆ ಅಕೇಶಿಯಾ ನೆಡುತೋಪು. ಕೆಲವು ಕಡೆ ಬಗರ್‌ಹುಕುಂ ಶುಂಠಿ. ಉಳಿದ ಕಡೆ ಚೌಡಿ ಇನ್ನೂ ಗಟ್ಟಿ.

ಕಾನಿನ ಕೆಳಗೆ ಬ್ಯಾಣ, ಅಂದರೆ ದನದ ಹುಲ್ಲು, ದರಕು ಎಂಬ ಉದುರೆಲೆ, ಸೊಪ್ಪು. ಅದರ ಕೆಳಗೆ ಕೆರೆ. ಏರಿಯ ಆಚೆ ಕಿರಿದಾದ ಜಾಗದಲ್ಲಿ ನೆರಳಿನ ತೋಟ, ಆಮೇಲೆ ಅಗಲವಾಗುತ್ತ ಹೋಗುವ ಗದ್ದೆ ಬಯಲು, ಕೊನೆಗೆ ಹಳ್ಳ. ಹಳ್ಳದ ನೀರು ಮುಂದಿನ ಊರಿನ ಕೆರೆಗೆ. ಮನೆಗಳು ಕೆರೆಯ ಪಕ್ಕದ ದಿಬ್ಬದ ಮೇಲೆ, ನೀರಿಗೆ ಹತ್ತಿರ, ಕೆಸರಿಗೆ ದೂರ. ಸೊಪ್ಪು ಕೊಟ್ಟಿಗೆಗೆ, ಕೊಟ್ಟಿಗೆಯ ಗೊಬ್ಬರ ಗದ್ದೆಗೆ, ಗದ್ದೆಯ ಹುಲ್ಲು ದನಕ್ಕೆ. ಬೇಸಿಗೆಯಲ್ಲಿ ಕೆರೆಯ ಹೂಳು ಗಾಡಿಯಲ್ಲಿ ಗದ್ದೆಗೆ. ಒಂದು ಮೆಟ್ಟಿಲು ಇನ್ನೊಂದರ ಋಣದಲ್ಲಿತ್ತು.

ಇಲ್ಲಿಯ ಭತ್ತ ನಾಟಿಯದಲ್ಲ, ಕೂರಿಗೆಯದು. ಇದು ಕರಾವಳಿಯವರಿಗೆ ಹೇಳಿದರೆ ಅರ್ಥವಾಗುವುದಿಲ್ಲ. ಮುಂಗಾರಿನ ಮೊದಲ ಹದಕ್ಕೆ ಒಣನೆಲದಲ್ಲಿ ಕೂರಿಗೆಯಿಂದ ಬಿತ್ತಿ, ಕುಂಟೆ ಹೊಡೆದು, ಕಳೆ ತೆಗೆದು, ಕೆರೆ ತುಂಬಿದ ಮೇಲೆ ಗದ್ದೆಗೆ ನೀರು ಕಟ್ಟುತ್ತಾರೆ. ಮೊದಲರ್ಧ ಬಯಲುಸೀಮೆಯ ಬೆಳೆ, ಉಳಿದರ್ಧ ಮಲೆನಾಡಿನ ಬೆಳೆ. ನಮ್ಮ ಮಾತಿನ ಹಾಗೆಯೇ. ಅಪ್ಪನ ಕಾಲದ ತಳಿಗಳ ಹೆಸರು ಈಗ ಬಾಯಿಗೆ ಬರುವುದಿಲ್ಲ. ನನಗೆ ನೆನಪಿರುವುದು ಇಂಟಾನ್, ಅಭಿಲಾಷ.

ಕೆಳದಿಯ ಶಿವಪ್ಪನಾಯಕನಿಗೆ ಈ ಇಳಿಜಾರು ಅರ್ಥವಾಗಿತ್ತು. ಹದಿನೇಳನೆಯ ಶತಮಾನದ ಅವನ ಕಂದಾಯದ ಶಿಸ್ತು ಹೆಸರಾದದ್ದು. ಊರೂರಿನಲ್ಲೂ ಒಂದೊಂದು ಬಗೆಯ ನೆಲದ ಒಂದು ತುಂಡನ್ನು ಹನ್ನೆರಡು ವರ್ಷ ತನ್ನ ಖರ್ಚಿನಲ್ಲಿ ಉಳಿಸಿ, ಬಿತ್ತಿದ ಬೀಜ, ಬಿದ್ದ ಖರ್ಚು, ಬಂದ ಬೆಳೆ ಎಲ್ಲ ಬರೆಸಿ, ಸರಾಸರಿ ತೆಗೆದು, ಮೂರರಲ್ಲಿ ಒಂದು ಪಾಲು ಅರಮನೆಗೆ ಎಂದು ಗೊತ್ತುಮಾಡಿದ ಎಂದು ಹಳೆಯ ಗೆಜೆಟಿಯರು ಹೇಳುತ್ತದೆ. ಒಳ್ಳೆಯ ವರ್ಷ, ಕೆಟ್ಟ ವರ್ಷ ಎರಡೂ ಸೇರಲಿ ಎಂದು ಹನ್ನೆರಡು. ಈಗ ಬೆಳೆ ಪರಿಹಾರದ ಸರ್ವೆಗೆ ಬಂದವರು ಹನ್ನೆರಡು ನಿಮಿಷ ನಿಂತರೆ ನಮ್ಮ ಪುಣ್ಯ.

ಆದರೆ ಲೆಕ್ಕ ಬರೆಯುವವನ ಕೈಯಲ್ಲಿ ಅಳತೆ ಇರುತ್ತದೆ. ಪಕ್ಕದ ಸಾಗರ ಸೀಮೆಯ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಎದ್ದದ್ದು ಕೊಳಗದ ಗಾತ್ರದ ಮೇಲೆ: ಒಡೆಯ ಗೇಣಿ ಅಳೆದುಕೊಳ್ಳುವ ಕೊಳಗ ದೊಡ್ಡದು. ಅದಕ್ಕೂ ಮುಂಚೆ 1942ರಲ್ಲಿ ನಮ್ಮ ಈಸೂರಿನವರು ಸ್ವತಂತ್ರರೆಂದು ಸಾರಿಕೊಂಡಾಗ ಪಟೇಲ-ಶಾನುಭೋಗರಿಂದ ಕಿತ್ತುಕೊಂಡದ್ದು ಲೆಕ್ಕದ ಪುಸ್ತಕಗಳನ್ನು. ಐವರು ಗಲ್ಲಿಗೇರಿದ ಆ ಕಥೆ ನಿಮಗೆಲ್ಲ ಗೊತ್ತು. 1974ರ ಭೂಸುಧಾರಣೆಯಲ್ಲಿ ಗೇಣಿ ಹೋಯಿತು. ಈ ಸಭೆಯಲ್ಲಿ ಕೂತ ಅರ್ಧ ಜನರ ಮನೆಯ ಪಹಣಿ ಅಲ್ಲಿಂದಲೇ ಶುರು.

ಇನ್ನು ಕೆರೆಬೇಟೆ. ಇದನ್ನು ಬಿಟ್ಟರೆ ನನ್ನನ್ನು ಊರಿಗೆ ಸೇರಿಸುವುದಿಲ್ಲ.

ಏಪ್ರಿಲ್ ಕೊನೆ ಅಥವಾ ಮೇ. ಕೆರೆಯ ನೀರು ಮೊಣಕಾಲಿಗೆ ಇಳಿದಿದೆ. ಇಂಥ ದಿನ ಬೇಟೆ ಎಂದು ಸುತ್ತಲಿನ ಊರುಗಳಿಗೆ ಸುದ್ದಿ ಹೋಗುತ್ತದೆ. ಒಂದು ಕೂಣಿಗೆ ಇಷ್ಟು ರೂಪಾಯಿ ಎಂದು ದರ. ಆ ದುಡ್ಡು ಊರ ದೇವಸ್ಥಾನಕ್ಕೆ, ಜಾತ್ರೆಗೆ. ಕೂಣಿ ನೋಡದ ಮಕ್ಕಳಿಗಾಗಿ ಹೇಳುತ್ತೇನೆ: ಬಿದಿರಿನ ಸೀಳು ಕಡ್ಡಿಗಳಿಂದ ಹೆಣೆದ ಬುಟ್ಟಿ, ಬುಡ ಅಗಲ, ನೆತ್ತಿ ಕಿರಿದು, ಎರಡೂ ಕಡೆ ತೆರೆದದ್ದು. ಬೆಳಿಗ್ಗೆ ಏರಿಯ ಮೇಲೆ ನೂರಾರು ಜನ ಸಾಲಾಗಿ ನಿಲ್ಲುತ್ತಾರೆ. ಪೂಜೆಯಾಗುತ್ತದೆ. ಅಪ್ಪಣೆಯಾದದ್ದೇ ತಡ, ಏರಿಯೇ ಕುಸಿದು ಕೆರೆಗೆ ಬಿದ್ದ ಹಾಗೆ ಎಲ್ಲರೂ ಇಳಿಯುತ್ತಾರೆ. ಕೂಣಿಯನ್ನು ಕೆಸರಿಗೆ ಚುಚ್ಚುವುದು, ಕಿವಿಯಿಟ್ಟ ಹಾಗೆ ಒಂದು ಕ್ಷಣ ನಿಲ್ಲುವುದು. ಒಳಗೆ ಏನೋ ಕಡ್ಡಿಗೆ ಬಡಿದ ಸದ್ದು ಅಂಗೈಗೆ ಬರುತ್ತದೆ. ಆಗ ನೆತ್ತಿಯ ತೂತಿನಿಂದ ಭುಜದ ತನಕ ಕೈ ಇಳಿಸಿ ತಡಕಾಡಬೇಕು. ಸಿಕ್ಕಿದ್ದು ಕಾಟ್ಲಾ ಇರಬಹುದು, ಗೌರಿ ಇರಬಹುದು, ಒಮ್ಮೊಮ್ಮೆ ನೀರುಹಾವೂ ಇರಬಹುದು. ನನಗೆ ಒಂದೇ ಒಂದು ಸಲ ಎರಡು ಕೆಜಿಯ ಮೀನು ಸಿಕ್ಕಿತ್ತು. ಈ ಊರಲ್ಲಿ ಯಾರೂ ಅದನ್ನು ಇವತ್ತಿಗೂ ನಂಬುವುದಿಲ್ಲ. ಆ ಸಾವಿರ ಕಾಲುಗಳು ತುಳಿದು ಕಲಕಿದ ಕೆಸರು ಮಳೆಗೆ ಮುಂಚೆ ಕೆರೆಯ ತಳಕ್ಕೆ ಉಳುಮೆ ಮಾಡಿದ ಹಾಗೆ. ಬೇಟೆಯ ದಿನ ಊರಿನ ಯಾವ ಮನೆಯಲ್ಲೂ ಬರೀ ಸಾರು ಇಲ್ಲ.

ಕೆರೆಯಲ್ಲಿ ಮೀನು ಮಾತ್ರವಲ್ಲ. ಜೌಗಿನ ಅಂಚಿನಲ್ಲಿ ಬೆಳೆಯುವ ಬೆಂಡಿನ ಗಿಡದ ಹಗುರ ಬಿಳಿ ತಿರುಳನ್ನು ಚಾಕುವಿನಲ್ಲಿ ಕಾಗದದಷ್ಟು ತೆಳ್ಳಗೆ ಸುರುಳಿ ಬಿಚ್ಚಿದ ಹಾಗೆ ಕೊಯ್ದು ಸೊರಬದ ಗುಡಿಗಾರರು ಮದುವೆಯ ಬಾಸಿಂಗ ಕಟ್ಟುತ್ತಾರೆ. ಅವರ ಶ್ರೀಗಂಧದ ಕೆತ್ತನೆಗೆ ಜಗತ್ತಿನ ಹೊಗಳಿಕೆ ಸಿಕ್ಕಿತು. ನನಗೆ ಮಾತ್ರ ಕೆರೆಯ ಕಳೆಯೊಂದು ಮದುಮಗನ ಹಣೆಗೇರುವ ಈ ಕೆಲಸವೇ ಹೆಚ್ಚು. ಗುಡವಿಯ ಕೆರೆಯಲ್ಲಿ ಮಳೆಗಾಲಕ್ಕೆ ಬಿಳಿ ಕೆಂಬರಲು, ನೀರುಕಾಗೆ ಸಾವಿರಗಟ್ಟಲೆ ಬಂದು ಗೂಡು ಕಟ್ಟುತ್ತವೆ. ನಾರ್ವೆಯ ಹುಡುಗನಿಗೆ ನಮ್ಮ ಪ್ರವಾಸೋದ್ಯಮ ತೋರಿಸಬೇಕೆಂದರೆ ಅದೊಂದಿದೆ.

ಈಗ ಕೆಡುಕಿನ ಮಾತು ಅಂದುಕೊಳ್ಳಬೇಡಿ, ಬದಲಾದ ಮಾತು. ಅಡಿಕೆ ಗದ್ದೆಗೆ ಇಳಿಯಿತು.

ಅಡಿಕೆ ನಮಗೆ ಹೊಸತಲ್ಲ. ಶಿವಮೊಗ್ಗದಲ್ಲಿ ಬೆಳೆಗಾರರ ಮಾರಾಟ ಸಹಕಾರ ಸಂಘ ಮ್ಯಾಮ್ಕೋಸ್ 1939ರಲ್ಲೇ ಹುಟ್ಟಿತು. ಆದರೆ ತೋಟ ಇದ್ದದ್ದು ಏರಿಯ ಕೆಳಗಿನ ಇಕ್ಕಟ್ಟಿನಲ್ಲಿ, ಕೆಲವರಿಗೆ ಮಾತ್ರ. ಭತ್ತದ ಬೆಲೆ ಕೂಲಿಗೆ ಸಾಲದಾಯಿತು, ಕೂಲಿಯವರೂ ಸಿಗದಾದರು. ಕೊಳವೆಬಾವಿ ಬಂತು. ಸೊರಬದ ಕುಬಟೂರಿನವರೇ ಆದ ಬಂಗಾರಪ್ಪನವರು ಮುಖ್ಯಮಂತ್ರಿಯಾಗಿದ್ದಾಗ ಹತ್ತು ಅಶ್ವಶಕ್ತಿಯವರೆಗಿನ ಪಂಪ್‌ಸೆಟ್ಟಿಗೆ ಉಚಿತ ವಿದ್ಯುತ್ ಬಂತು. ಅಡಿಕೆಯ ರೇಟು ಏರಿತು. ಗದ್ದೆಗೆ ಗುಡ್ಡದ ಮಣ್ಣು ಹೊಡೆಸಿ, ಬಸಿಗಾಲುವೆ ತೆಗೆದು, ಎಕರೆಗೆ ಐನೂರೈವತ್ತು ಸಸಿ. ಐದಾರು ವರ್ಷ ಕಾದರೆ ಫಸಲನ್ನು ಗುತ್ತಿಗೆ ಹಿಡಿಯುವ ಚೇಣಿದಾರ ಮನೆ ಬಾಗಿಲಿಗೇ ಬಂದು ಮುಂಗಡ ಕೊಡುತ್ತಾನೆ. ನಾನೂ ಹಾಕಿದ್ದೇನೆ, ಸುಳ್ಳು ಹೇಳುವುದಿಲ್ಲ. ಮಗಳ ಇಂಜಿನಿಯರಿಂಗ್ ಫೀಸು ಭತ್ತ ಕೊಟ್ಟದ್ದಲ್ಲ. ಎರಡು ಬೋರು ಕೊರೆಸಿದೆ. ನೀರು ನೋಡುವವನು ತೆಂಗಿನಕಾಯಿ ಹಿಡಿದು ಖಾತ್ರಿ ಕೊಟ್ಟ ಮೊದಲನೆಯದರಲ್ಲಿ ಬರೀ ಧೂಳು ಬಂತು.

ಆದದ್ದೇನೆಂದರೆ, ಕೆರೆಯ ಒಂದೇ ತೂಬಿಗೆ ಎರಡು ಪಂಚಾಂಗ ಬಂದವು. ಭತ್ತಕ್ಕೆ ನೀರು ನಿಲ್ಲಬೇಕು, ಅದೂ ಶ್ರಾವಣ-ಭಾದ್ರಪದದಲ್ಲಿ ಮಳೆ ಕೈಕೊಟ್ಟಾಗ. ಅಡಿಕೆಗೆ ಆಗ ನೀರು ನಿಂತರೆ ಬೇರು ಕೊಳೆಯುತ್ತದೆ. ಅದಕ್ಕೆ ತೇವ ಬೇಕಾದದ್ದು ಮಾರ್ಚ್-ಏಪ್ರಿಲ್ಲಿನಲ್ಲಿ. ನಡುವಿನ ಗದ್ದೆಯವನು ತೋಟ ಮಾಡಿದರೆ ಜೋರು ಮಳೆಗೆ ಅವನ ಬಸಿಗಾಲುವೆ ಕೆಳಗಿನವನ ಭತ್ತವನ್ನು ಮುಳುಗಿಸುತ್ತದೆ. ಮಳೆ ಕೈಕೊಟ್ಟಾಗ ಅವನ ತೋಟ ಉಳಿಯಬೇಕೆಂದರೆ ಕೆಳಗಿನವನಿಗೆ ನೀರು ಹಾಯುವುದಿಲ್ಲ. ಎರಡು ವರ್ಷ ಜಗಳ, ಮೂರನೆಯ ವರ್ಷ ಕೆಳಗಿನವನೂ ಸಸಿ ತರುತ್ತಾನೆ. ಒಂದು ಬಯಲು ಹೀಗೆ ಹತ್ತು ವರ್ಷದಲ್ಲಿ ತೋಟವಾಗುವುದನ್ನು ಶಾಲೆಯ ಕಿಟಕಿಯಿಂದಲೇ ನೋಡಿದ್ದೇನೆ. ಭೂಮಿಹುಣ್ಣಿಮೆಯಲ್ಲಿ ದೀವರ ಮನೆಯ ಹೆಂಗಸರು ಕೆಮ್ಮಣ್ಣು ಬಳಿದು ಬಿಳಿ ಗೆರೆಯ ಚಿತ್ತಾರ ಬರೆದ ಬೂಮಣ್ಣಿ ಬುಟ್ಟಿ ಬಸುರಿ ಭತ್ತದ ಬಯಕೆಗೆ ಹೋಗುವಂಥದ್ದು. ಈಗ ಅದು ಅಡಿಕೆ ಮರದ ಬುಡಕ್ಕೆ ಹೋಗುತ್ತದೆ. ಮರಕ್ಕೂ ಬಯಕೆ ಇರಬಾರದೇಕೆ ಎಂದು ನನ್ನ ಹೆಂಡತಿ ಕೇಳುತ್ತಾಳೆ. ಅದೂ ಸರಿಯೇ. ಆದರೆ ಎಲೆಚುಕ್ಕಿ ರೋಗ ಬಂದ ವರ್ಷ ಕೈ ಹಿಡಿಯುವ ಇನ್ನೊಂದು ಮೆಟ್ಟಿಲು ಈಗ ನಮಗೆ ಕಡಿಮೆ.

ಕೆರೆ ತುಂಬಿಸುವ ಏತ ನೀರಾವರಿ ಬಂದಿದೆ. ಉಡುಗಣಿ-ತಾಳಗುಂದ-ಹೊಸೂರು ಯೋಜನೆ ತುಂಗಭದ್ರೆಯಿಂದ, ಸೊರಬದ ಮೂಡಿ ಯೋಜನೆ ವರದೆಯಿಂದ. ಹಿಂದೆ ಮೇಲಿನ ಕೆರೆಯ ಕೋಡಿ ಬಿದ್ದರೆ ಕೆಳಗಿನದಕ್ಕೆ ನೀರು. ಈಗ ಕೆಳಗಿನ ನದಿಯಿಂದ ಮೇಲಿನ ಕೆರೆಗೆ. ಇಳಿಜಾರನ್ನೇ ತಿರುಗಿಸಿದ್ದೇವೆ. ಶಿಕಾರಿಪುರದ ಮೂಡಲ ಸೀಮೆಗೆ ಇದು ಬೇಕೇ ಬೇಕಿತ್ತು, ಅಲ್ಲಿ ಅಂತರ್ಜಲ ಏರಿದರೆ ಸಾಕು. ಕಾನು ಕರಗಿದ್ದನ್ನು ಪೈಪು ತುಂಬಿಕೊಡುತ್ತದೆ ಎಂದು ಮಾತ್ರ ನಾನು ನಂಬುವುದಿಲ್ಲ. ಬೇಸಿಗೆಯಲ್ಲೂ ತುಂಬಿದ ಕೆರೆಯಲ್ಲಿ ಕೂಣಿ ಇಳಿಸಲು ಆಗುವುದಿಲ್ಲ ಎಂಬುದು ಯಾವ ಯೋಜನಾ ವರದಿಯಲ್ಲೂ ಇರುವ ಮಾತಲ್ಲ, ಬಿಡಿ.

ತೂಬು ತೆಗೆದು ಮುಚ್ಚುವ ನೀರುಗಂಟಿಯ ವಿಷಯ ಹೇಳಿ ಮುಗಿಸುತ್ತೇನೆ. ಹಿಂದೆ ಅವನಿಗೆ ಕೆರೆಯ ಕೆಳಗೆ ಉಂಬಳಿ ಗದ್ದೆ, ಸುಗ್ಗಿಯಲ್ಲಿ ಪ್ರತಿ ಕಣದಿಂದ ಮೊರ ಭತ್ತ. 1961ರ ಕಾಯ್ದೆಯಲ್ಲಿ ಗ್ರಾಮ ಹುದ್ದೆಗಳೆಲ್ಲ ರದ್ದಾದವು, ಇವನದೂ ಹೋಯಿತು. ತೂಬು ಮಾತ್ರ ಹೋಗಲಿಲ್ಲ. ನಮ್ಮೂರಲ್ಲಿ ಆ ಮನೆತನದ ಅಜ್ಜ ಒಬ್ಬರು ಯಾರೂ ಹೇಳದೆ, ಯಾರೂ ಕೊಡದೆ ಈಗಲೂ ಮಳೆಗಾಲದಲ್ಲಿ ದಿನಕ್ಕೊಮ್ಮೆ ಏರಿಯ ಮೇಲೆ ನಡೆದು ಬರುತ್ತಾರೆ. ಹೋದ ಭಾದ್ರಪದದಲ್ಲಿ ತೂಬಿನ ಕಲ್ಲಿನ ಮೇಲೆ ಕೂತು ಎಲೆಯಡಿಕೆ ಹಾಕುತ್ತಿದ್ದರು. ಮಳೆ ಹೋಗಿ ಹದಿನೈದು ದಿನವಾಗಿತ್ತು. ಏನಜ್ಜಾ, ತೂಬು ತೆಗೆದಿರಾ ಎಂದೆ.

"ತ್ವಾಟದೋರು ಮುಚ್ಚು ಅಂತಾರೆ, ಗದ್ದೆಯೋರು ತೆಗಿ ಅಂತಾರೆ ಮೇಷ್ಟ್ರೇ."

"ಮತ್ತೆ?"

"ಅರ್ಧ ತೆಗ್ದೀನಿ. ಇಬ್ರೂ ಬೈತಾವ್ರೆ."